ಸಾಹೇಬರಿಗೆಂದು ತಂದ ಫ್ಯಾನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮಲ್ಲವ್ವನ ತಗಡಿನ ಮನೆಯಲ್ಲಿ ಕುರ್ಚಿ ಕೇಳಿದ್ದು ಸರಕಾರವಲ್ಲ, ನಾನು. ಫ್ಯಾನು ಕೇಳಿದವನೂ ನಾನೇ. ಸರಕಾರ ಬರುವುದಕ್ಕೆ ಇನ್ನೂ ಒಂದು ದಿನವಿತ್ತು.

ಇದು ಈಗ ನೆನಪಾದದ್ದು ಆ ಫ್ಯಾನಿನಿಂದಲೇ. ಮೊನ್ನೆ ಅವ್ವ ಅದನ್ನು ಅಟ್ಟದಿಂದ ಇಳಿಸಿ, ಗುಜರಿಯವನಿಗೆ ಹಾಕುವ ಮೊದಲು ತಿರುಗುತ್ತದೋ ಇಲ್ಲವೋ ನೋಡು ಎಂದಳು. ಗುಂಡಿ ಒತ್ತಿದೆ. ಸುಟ್ಟ ಧೂಳಿನ ವಾಸನೆ ಬಂತು. ಕಟಕಟ ಎಂದು ಕತ್ತು ಹೊರಳಿಸಿತು. ಎಡಕ್ಕೆ ಹೋಗಿ, ಅಲ್ಲೇ ನಿಂತು ತುಸು ಯೋಚಿಸಿ, ಒಲ್ಲದ ಮನಸ್ಸಿನಿಂದ ಬಲಕ್ಕೆ ಬರುವುದು ಅದರ ಹಳೆಯ ಚಟ. ನಮ್ಮಪ್ಪನೂ ಹೀಗೆಯೇ, ಅಂಗಿ ಕೊಡಿಸು ಎಂದರೆ.

ಆಗ ನಾನು ಕಾಲೇಜಿನಲ್ಲಿದ್ದೆ, ಅಂದರೆ ಹೆಸರು ಅಲ್ಲಿತ್ತು. ದೇಹ ಬಹುಮಟ್ಟಿಗೆ ಕೋಥರೂಡದ ನಮ್ಮ ವಸತಿ ಸೊಸೈಟಿಯ ಕಟ್ಟೆಯ ಮೇಲೆ ಇರುತ್ತಿತ್ತು. ಎಲ್ಲರ ದನಿ ತೆಗೆದು ತೋರಿಸುವುದು ನನ್ನ ಉದ್ಯೋಗ. ಬಸ್ ಕಂಡಕ್ಟರು, ಸೊಸೈಟಿ ಸೆಕ್ರೆಟರಿ, ವಿಜಾಪುರದಿಂದ ಬಂದು ಉಳಿದ ಅಪ್ಪನ ಆಫೀಸು ಮರಾಠಿ, ಕೊನೆಗೆ ಇವರೆಲ್ಲರ ನಡುವೆ ಪೆಕರನಂತೆ ನಿಂತ ನಾನು. ನನ್ನನ್ನು ನಾನು ತೋರಿಸಿದಾಗಲೇ ಜನ ಹೆಚ್ಚು ನಗುತ್ತಿದ್ದರು.

ಮಲ್ಲವ್ವ ಸೇಡಂ ಕಡೆಯವಳು. ನಮ್ಮ ಹಿಂದಿನ ಕಟ್ಟಡ ಏಳುವಾಗ ಬುಟ್ಟಿ ಹೊರಲು ಬಂದು, ಕಟ್ಟಡ ಮುಗಿದರೂ ಅದರ ಪಕ್ಕದ ತಗಡಿನ ಸಾಲಿನಲ್ಲೇ ಉಳಿದುಬಿಟ್ಟಿದ್ದಳು. ಸಂಜೆ ಅವ್ವನ ಹತ್ತಿರ ಬಂದು ಕೂತು, ದಿನವೆಲ್ಲ ಮರಾಠಿ ಆಡಿ ದಣಿದ ನಾಲಿಗೆಗೆ ಒಂದಿಷ್ಟು ಕನ್ನಡ ಕೊಟ್ಟು ಹೋಗುತ್ತಿದ್ದಳು. ಮಳೆಗಾಲವೆಂದರೆ ಅವಳಿಗೆ ಹೆದರಿಕೆ. ಪಾಯ ತೋಡುವ ಕೆಲಸ ನಿಲ್ಲುತ್ತದೆ, ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ರೇಷನ್ ಗೋಧಿಯೇ ಅವಳ ಮನೆಯ ದುಡಿಯುವ ಗಂಡಸು.

ಆ ಬೇಸಿಗೆಯಲ್ಲಿ ರೇಷನ್ ಸುಧಾರಣೆ ಬಂತು. ಅಲ್ಲಿಯವರೆಗೆ ಬಂಗಲೆಯವರಿಗೂ ತಗಡಿನವರಿಗೂ ಒಂದೇ ಕಾರ್ಡು. ಇನ್ನು ಮುಂದೆ ಬಡವರಿಗೆ ಹಳದಿ, ನಡುವಿನವರಿಗೆ ಕೇಸರಿ, ಉಳ್ಳವರಿಗೆ ಬಿಳಿ. ಅಗ್ಗದ ಧಾನ್ಯ ಬೇಕಾದವರಿಗೇ ಮುಟ್ಟಲಿ ಎಂಬ ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಯಾರು ಬಡವರೆಂದು ನೋಡಲು ರೇಷನ್ ಆಫೀಸಿನ ಸಾಹೇಬರು ಇಂಥ ದಿನ ಮನೆಮನೆಗೆ ಬರುತ್ತಾರೆಂದು ಮುಂಚೆಯೇ ಸಾರಿಬಿಟ್ಟರು. ನಮ್ಮ ಸೊಸೈಟಿಯಲ್ಲಿ ಒಬ್ಬರು ಟೀವಿಗೆ ಚಾದರ ಹೊದಿಸಿ ಅದರ ಮೇಲೆ ಹಾಸಿಗೆ ಒಟ್ಟಿದರು. ಇನ್ನೊಬ್ಬರ ಫ್ರಿಜ್ಜು ಎರಡು ದಿನ ತಮ್ಮನ ಮನೆಗೆ ನೆಂಟಸ್ತನಕ್ಕೆ ಹೋಯಿತು.

ಮಲ್ಲವ್ವನಿಗೆ ಅಡಗಿಸಲು ಏನೂ ಇರಲಿಲ್ಲ. ಸಾಹೇಬರು ಏನು ಕೇಳ್ತಾರೋ ಎಂಬ ದಿಗಿಲು ಮಾತ್ರ ಇತ್ತು. ಹಿಂದಿನ ಸಂಜೆ ನಾನು, ತಾಲೀಮು ಮಾಡಿಸುತ್ತೇನೆ ಬಾ ಎಂದು ಅವಳ ಮನೆಗೇ ಹೋಗಿ ಸಾಹೇಬನಾದೆ. ರೇಷನ್ ಆಫೀಸಿನಲ್ಲಿ ಅವರನ್ನು ನೋಡಿದ್ದೆ. ಸೋಲಾಪುರದ ಕಡೆಯವರು, ಮರಾಠಿಯಲ್ಲಿ ಎಳೆತವಿದೆ, ಕನ್ನಡ ತಿಳಿಯುತ್ತದೆ, ಆದರೆ ಕುರ್ಚಿಯ ಮೇಲಿದ್ದಾಗ ತಿಳಿಯುವುದಿಲ್ಲ. ಅವರಂತೆ ಗಂಟಲು ಸರಿಮಾಡಿಕೊಂಡು, ಕರವಸ್ತ್ರದಿಂದ ಕತ್ತು ಒರೆಸುತ್ತ, ಸರಕಾರಿ ಮನುಷ್ಯ ನಿಂತೇ ಇರಬೇಕೇನು, ಕುರ್ಚಿ ಎಲ್ಲಿ, ಇಂಥ ಸೆಖೆಯಲ್ಲಿ ಪಂಖಾ ಇಲ್ಲವೇನು ಎಂದು ಗದರಿಸಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮಲ್ಲವ್ವ ನಗಲಿಲ್ಲ. ಅಷ್ಟು ಚೆನ್ನಾಗಿ ಮಾಡಬಾರದಿತ್ತು.

ಬೆಳಗಾಗುವಷ್ಟರಲ್ಲಿ ಅವಳು ನಮ್ಮ ಬಾಗಿಲಲ್ಲಿದ್ದಳು. ಅವ್ವ ಕುರ್ಚಿ ಕೊಟ್ಟಳು, ನೀಲಿ ಹೂವಿನ ಚಹಾದ ಕಪ್ಪು-ಬಸಿ ಕೊಟ್ಟಳು. ಅಪ್ಪ ಮರುಮಾತಿಲ್ಲದೆ ಫ್ಯಾನು ಕೊಟ್ಟರು. ಅವರ ಈ ಔದಾರ್ಯಕ್ಕೆ ನಾನು ಬೆರಗಾದೆ. ಸಾಹೇಬರು ನಮ್ಮ ಮನೆಗೂ ಬರುವವರಿದ್ದರೆಂದು ಆಮೇಲೆ ಹೊಳೆಯಿತು.

ಸಾಹೇಬರು ಬಂದರು, ಕೂತರು. ಫ್ಯಾನು ಎಡಕ್ಕೆ ಹೋಗಿ ಯೋಚಿಸಿ ಅವರ ಕಡೆ ಬಂತು. ಅವರು ಚಹಾ ಕುಡಿಯುತ್ತ ಬಸಿಯ ಹೂವನ್ನು ನೋಡಿದರು, ಕುರ್ಚಿಯ ಕೈ ಸವರಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಆಗ ತಲೆಗೆ ಹೋಯಿತು: ಇಡೀ ಸೊಸೈಟಿ ಮುಚ್ಚಿಟ್ಟದ್ದನ್ನು ನಾವು ಇಲ್ಲಿ ತಂದು ಹರಡಿದ್ದೇವೆ. ಕೂಗಿ ಹೇಳಬೇಕೆನ್ನಿಸಿತು. ಊರೆಲ್ಲರ ದನಿ ಬರುವ ನನ್ನ ಗಂಟಲಿನಲ್ಲಿ ನನ್ನ ದನಿ ಮಾತ್ರ ಸಿಗಲಿಲ್ಲ.

“ಹೇ ಸಗಳಂ ತುಮಚಂಚ ಕಾ?” ಇದೆಲ್ಲ ನಿಮ್ಮದೇ ಏನು ಎಂದರು ಸಾಹೇಬರು.

ಮಲ್ಲವ್ವ ಒಮ್ಮೆ ನನ್ನ ಕಡೆ ನೋಡಿದಳು. ಬೇಡ ಬೇಡ ಎಂದು ನಾನು ತಲೆ ಅಲ್ಲಾಡಿಸುತ್ತಲೇ ಇದ್ದೆ.

“ನಮ್ಮದ ರೀ,” ಎಂದಳು.

ಬೈಯಬೇಡಿ ಅವಳನ್ನು. ನಮ್ಮ ಕಡೆ, ಕೂತ ಅತಿಥಿಗೆ ಆ ಕುರ್ಚಿ ಎರವಲು ತಂದದ್ದು ಎಂದು ಹೇಳಿದರೆ ಏಳು ಎಂದ ಹಾಗೆಯೇ.

ಕೇಸರಿ ಎಂದು ಬರೆದುಕೊಂಡು ಸಾಹೇಬರು ಎದ್ದರು. ಕೇಸರಿಯೆಂದರೆ ದರ ಹೆಚ್ಚು. ಅದಕ್ಕಿಂತ ಹೆಚ್ಚಾಗಿ, ಕೇಸರಿಯವರ ಮಾಲು ಬಂದಿಲ್ಲ ಎನ್ನಲು ಅಂಗಡಿಯವನಿಗೆ ನಾಲಿಗೆ ಹೊರಳಿಸಿದರೆ ಸಾಕು. ಹೊರಗೆ ಆಗಲೇ ಮೋಡ ಕಟ್ಟುತ್ತಿತ್ತು. ಅವ್ವ ನನ್ನೊಡನೆ ಮಾತು ಬಿಟ್ಟಳು. ತಾಟು ಇಡುವಾಗ ಮಾತ್ರ, “ಉಣ್ಣು, ಸಾಹೇಬ,” ಎನ್ನುತ್ತಿದ್ದಳು.

ತಕರಾರು ಹೇಳಿಕೊಳ್ಳಲು ಒಂದು ದಿನ ಇಟ್ಟಿದ್ದರು. ಮರಾಠಿಯಲ್ಲಿ ವಕೀಲಿ ಮಾಡಲು ನಾನು ಮಲ್ಲವ್ವನ ಜೊತೆ ಹೋದೆ. ಮೊದಲ ಮಳೆ ಬಿದ್ದಿತ್ತು, ಕೊಡೆ ಸೋರುತ್ತಿತ್ತು, ಸಾಲು ಮೆಟ್ಟಿಲವರೆಗೆ ಇತ್ತು. ಮುಂದಿನವರೆಲ್ಲ ಒಬ್ಬೊಬ್ಬರಾಗಿ ಮುಖ ಜೋಲು ಹಾಕಿಕೊಂಡು ತಿರುಗಿ ಬರುತ್ತಿದ್ದರು. ಕಲಿತುಕೊಂಡು ಹೋದ ಮಾತನ್ನು ನಾನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಸರದಿ ಬಂದಾಗ ಸಾಹೇಬರು ಗುರುತು ಹಿಡಿದರು. ಕುರ್ಚಿ ಇತ್ತು, ಪಂಖಾ ಇತ್ತು, ಕಪ್ಪು-ಬಸಿ ಇತ್ತು, ಇನ್ನೆಂಥ ಬಡತನ ಎಂದರು.

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಎರಡನೆಯ ವಾಕ್ಯಕ್ಕೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ ನನಗೇ ಕೇಳಿಸಿತು: ಅದೇ ಎಳೆತ, ಅದೇ ಗತ್ತು. ಹೆದರಿಕೆಗೆ ಸಾಹೇಬರ ದನಿಯೇ ನನ್ನ ಬಾಯಲ್ಲಿ ಬರುತ್ತಿತ್ತು, ಕರವಸ್ತ್ರ ಕತ್ತಿಗೂ ಹೋಗಿತ್ತು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಮುಂದಿನವರು ಬರ್ರಿ ಎಂದು ಕೈ ಮಾಡಿದರು.

ಆಗ ಮಲ್ಲವ್ವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮೇಜಿನ ಅಂಚಿಗೆ ಬಂದು ನಿಂತಳು. ಕನ್ನಡದಲ್ಲೇ ಒಂದು ಮಾತು ಹೇಳಿದಳು, ದನಿ ಏರಿಸದೆ. ಸಾಹೇಬರಿಗೆ ಆ ಹೊತ್ತು ಕುರ್ಚಿಯ ಮೇಲಿದ್ದೂ ಕನ್ನಡ ತಿಳಿಯಿತು. ತುಸು ಹೊತ್ತು ಗೋಡೆಯ ಕಡೆ ನೋಡಿದರು, ನಮ್ಮ ಫ್ಯಾನಿನ ಹಾಗೆ. ಆಮೇಲೆ ಮುಚ್ಚಳ ತೆಗೆದು ಕೇಸರಿಯನ್ನು ಹೊಡೆದುಹಾಕಿ ಹಳದಿ ಎಂದು ಬರೆದರು.

ಅದರ ಮುಂದಿನ ತಪಾಸಣೆಗೆ ಅವರು ಹೇಳದೆ ಕೇಳದೆ ಬಂದರಂತೆ. ಕೂರಲಿಲ್ಲ, ಚಹಾ ಮುಟ್ಟಲಿಲ್ಲ, ಎಲ್ಲರ ಮನೆಯಲ್ಲೂ ನೆಟ್ಟಗೆ ಹಿಟ್ಟಿನ ಡಬ್ಬಿ ತೆರೆದು ನೋಡಿದರಂತೆ. ಚಾದರ ಹೊದಿಸಲು ಯಾರಿಗೂ ಸಮಯ ಸಿಗಲಿಲ್ಲ. ರೇಷನ್ ಖಾತೆಯ ಸುಧಾರಣೆಯಲ್ಲಿ ನಮ್ಮ ಮನೆತನದ ಪಾಲು ಇಷ್ಟೇ, ಒಂದು ಟೇಬಲ್ ಫ್ಯಾನು.

ಅದನ್ನು ಗುಜರಿಗೆ ಹಾಕುವುದು ಬೇಡ ಎಂದೆ ಅವ್ವನಿಗೆ. ಒರೆಸಿ ಎಣ್ಣೆ ಬಿಟ್ಟಿದ್ದೇನೆ. ನಾಳೆ ಮಲ್ಲವ್ವನಿಗೆ ಕೊಟ್ಟು ಬರಬೇಕು, ಈ ಸಲ ಎರವಲಲ್ಲ. ತಪಾಸಣೆ ಯಾವಾಗ ಎಂದು ಮಾತ್ರ ಮೊದಲು ವಿಚಾರಿಸಬೇಕು. ಅಂದು ಅವಳು ಆಡಿದ ಮಾತನ್ನು ನಾನು ಕಟ್ಟೆಯ ಮೇಲೆ ಎಷ್ಟೋ ಸಲ ಆಡಿ ತೋರಿಸಲು ಹೋಗಿದ್ದೇನೆ. ಸಾಹೇಬರು ಬರುತ್ತಾರೆ, ಸಾಲು ಬರುತ್ತದೆ, ಮಳೆಯೂ ಬರುತ್ತದೆ, ಅವಳ ದನಿ ಮಾತ್ರ ನನ್ನ ಗಂಟಲಿಗೆ ಇಳಿದಿಲ್ಲ. ಆದ್ದರಿಂದ ದನಿ ತೆಗೆಯದೆ, ಅವಳು ಹೇಳಿದ ಹಾಗೆಯೇ ಬರೆದಿಡುತ್ತೇನೆ:

“ಸಾಹೇಬ್ರ, ಕುರ್ಚಿ, ಫ್ಯಾನು ಎಲ್ಲಾ ನೀವು ಬಂದಾಗ ಬಂದ್ವು, ನೀವು ಹೋದಾಗ ಹೋದ್ವು. ನಾ ಸಾವ್ಕಾರ್ತಿ ಆಗಿರಬೇಕಂದ್ರ ನೀವು ದಿನಾ ನಮ್ಮನೀಗೆ ಬರಬೇಕಾಗ್ತದ ರೀ.”