ಡಬ್ಬಿಯೊಳಗೆ ಮಲಗಿದ ಐದು

ವಿಮಲಾ ನಡೆದರೆ ಅವಳ ಚೀಲ ಗಲಗಲ ಎನ್ನುತ್ತಿತ್ತು. ಒಳಗೆ ಸೋಡಾ ಬಾಟಲಿಯ ತಗಡಿನ ಮುಚ್ಚಳಗಳು; ಮಕ್ಕಳು ಅವನ್ನು ಬಿಲ್ಲೆಗಳು ಎನ್ನುತ್ತಿದ್ದರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನಾನೇ ಅವನ್ನು ತೊಳೆಸಿ ತಂದುಕೊಡುತ್ತಿದ್ದೆ. ವಡಾಲದ ಕನ್ನಡ ಶಾಲೆಯಲ್ಲಿ ನನ್ನ ಹೆಂಡತಿ ಒಂದನೆಯ ತರಗತಿಗೆ ಲೆಕ್ಕ ಕಲಿಸುತ್ತಿದ್ದದ್ದು ಅವುಗಳಿಂದಲೇ. ಹಳೆಯ ಇಂಗಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದುದರಿಂದ ಆ ಮಕ್ಕಳ ಕೈಗೆಲ್ಲ ಇಂಗಿನ ವಾಸನೆ.

"ಮಕ್ಕಳಿಗೆ ಅವಸರ ಇಲ್ಲ ಮಾರಾಯ್ರೆ, ಅವಸರ ಎಲ್ಲ ನಮ್ದು" ಎನ್ನುತ್ತಿದ್ದಳು. ಆದರೆ ರೇಣುಕಾಳ ವಿಷಯದಲ್ಲಿ ಅವಳಿಗೇ ಅವಸರವಿತ್ತು. ಆ ಹುಡುಗಿಯ ತಂದೆತಾಯಿ ಕಲಬುರಗಿ ಕಡೆಯವರು, ಬಿಲ್ಡಿಂಗ್ ಕೆಲಸದವರು. ವಡಾಲದ ಕೆಲಸ ಮುಗಿಯುತ್ತಲೇ ಕಾಂದಿವಲಿಗೆ ಹೊರಡುವವರಿದ್ದರು. ಅಲ್ಲಿ ಕನ್ನಡ ಶಾಲೆ ಸಿಗುತ್ತದೋ ಇಲ್ಲವೋ. ರೇಣುಕಾ ಜಾಣೆಯೇ, ಆದರೆ ಐದಕ್ಕೆ ಎರಡು ಕೂಡಿಸು ಎಂದರೆ ಪ್ರತಿ ಸಲವೂ ಒಂದರಿಂದ ಎಣಿಸುವಳು.

"ಐದು ಆಗ್ಲೇ ಎಣಿಸಿದ್ದಿಯಲ್ಲ, ಪುನಃ ಯಾಕೆ?" ಎಂದು ವಿಮಲಾ ಕೇಳಿದರೆ, "ಬಿಟ್ರ ಅವು ಅಳ್ತಾವ್ರೀ ಟೀಚರ್" ಎಂದಳಂತೆ.

ಆ ಸಂಜೆ ವಿಮಲಾ ಅಕ್ಕಿ ಆರಿಸುತ್ತ ಅದನ್ನು ಹೇಳಿ ನಕ್ಕಳು. ಆಮೇಲೆ ಮೊರವನ್ನು ಕೆಳಗಿಟ್ಟಳು. "ಅಳಲಿ ಬಿಡು ಅಂತ ಹೇಗೆ ಹೇಳುದು?"

ಮರುದಿನ ಐದು ಬಿಲ್ಲೆಗಳನ್ನು ರೇಣುಕಾಳ ಕೈಯಲ್ಲೇ ಎಣಿಸಿ ಹಾಕಿಸಿ ಡಬ್ಬಿ ಮುಚ್ಚಿದಳು. ಎರಡನ್ನು ಹೊರಗಿಟ್ಟಳು. "ಒಳಗಿನವು ಮಲಗಿವೆ, ಎಬ್ಬಿಸ್ಬೇಡ. ಎಷ್ಟುಂಟು ಅಂತ ನಿಂಗೆ ಗೊತ್ತುಂಟಲ್ಲ."

ಹುಡುಗಿ ಡಬ್ಬಿಯ ಮೇಲೆ ಅಂಗೈ ಇಟ್ಟು "ಐದು" ಎಂದು ಪಿಸುಗುಟ್ಟಿದಳಂತೆ. ಬಹಳ ಹೊತ್ತಾದ ಮೇಲೆ, "ಆರು, ಏಳು."

ಅಂದು ಮನೆಯಲ್ಲಿ ನನಗೂ ಅದೇ ಪಾಠ. ನಾನು "ಏಳು" ಎಂದುಬಿಟ್ಟೆ. "ಗಲ್ಲಾದವರ ಲೆಕ್ಕ ಬೇಡ. ಮೆಲ್ಲ ಹೇಳಿ" ಎಂದಳು.

ಈ ಸಲ ಮಳೆ ಶುರುವಾಗುವ ಮೊದಲೇ ವಿಮಲಾ ತೀರಿಹೋದಳು. ಕೇಳಲು ಬಂದವರಿಗೆಲ್ಲ ನಾನು ಮೊದಲ ಜ್ವರದಿಂದ ಹಿಡಿದು ಹೇಳುತ್ತಿದ್ದೆ. ಈಗ ಯಾರೂ ಬರುವುದಿಲ್ಲ.

ಕಳೆದ ವಾರ ಕಾಂದಿವಲಿಯಿಂದ ರೇಣುಕಾ ತಾಯಿಯ ಜೊತೆ ಬಂದಳು. ಸುದ್ದಿ ತಡವಾಗಿ ತಿಳಿಯಿತಂತೆ. ಅವರಿಗೂ ಜ್ವರದಿಂದಲೇ ಹೇಳತೊಡಗಿದೆ. ಹುಡುಗಿ ಕಪಾಟಿನ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದಳು. ಮಾತು ನಿಲ್ಲಿಸಿ ತೆಗೆದುಕೊಟ್ಟೆ. ಅವಳು ಅಲುಗಿಸಲಿಲ್ಲ, ತೆರೆಯಲೂ ಇಲ್ಲ. ಮೇಲೆ ಅಂಗೈ ಇಟ್ಟಳು.

"ಎಷ್ಟಿವೆ?" ಎಂದೆ.

"ಐದು ಅದಾವ್ರೀ. ಮಲಗ್ಯಾವ."

ಅವರು ಹೋದ ಮೇಲೆ ಡಬ್ಬಿಯನ್ನು ಮತ್ತೆ ಅಲ್ಲೇ ಇಟ್ಟೆ. ಕೈಗೆ ಇಂಗಿನ ವಾಸನೆ ಹತ್ತಿತ್ತು. ನಾನು ಇನ್ನೂ ತೆರೆದು ನೋಡಿಲ್ಲ.