ಬಸಮ್ಮನ ಮೊಳ

ಹಡಗಲಿ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಮಾರುವವಳು ಮೊಳ ಹಾಕಲು ಕೈ ಚಾಚಿದಳು, ನನಗೆ ಕೊಟ್ಟೂರಿನ ಬಸಮ್ಮ ನೆನಪಾದಳು. ಹೂ ಮುಡಿಯುವ ಆಸೆ ಯಾವತ್ತೋ ಹೋಗಿದೆ. ಮೂಗು ಮಾತ್ರ ಕೇಳುವುದಿಲ್ಲ, ನೋಡಿ.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಕೊಟ್ಟೂರಿಗೆ ಬಂದಾಗ ಪಕ್ಕದ ಮನೆ ಮಂಡಕ್ಕಿ ವ್ಯಾಪಾರದ ಕೊಟ್ರಪ್ಪನದು. ಆತನಿಗೆ ಇಬ್ಬರು ಹೆಂಡಿರು: ಹಿರಿಯಳು ಬಸಮ್ಮ, ಕಿರಿಯಳು ಗೌರಮ್ಮ. ಹಡಗಲಿಗೆ ಹೋದ ದಿನ ಆತ ಮಲ್ಲಿಗೆಯ ಒಂದೇ ಮಾಲೆ ತರುತ್ತಿದ್ದ. ಕತ್ತರಿಸಿ ತಂದರೆ ಯಾರದು ಉದ್ದ ಎಂಬ ಜಗಳ ತನ್ನ ತಲೆಗೆ ಬಂದೀತೆಂಬ ಭಯ. ಬಸಮ್ಮನದು ನೀಳ ಕೈ. ಗೌರಮ್ಮನ ಪಾಲನ್ನು ತನ್ನ ಕೈಯಲ್ಲಿ ಅಳೆಯುವಳು, ತನ್ನ ಪಾಲನ್ನು ಗೌರಮ್ಮನ ಗಿಡ್ಡ ಕೈಯಲ್ಲಿ. ಉಳಿದದ್ದು ದೇವರಿಗೆ.

"ಹಿಂಗ ಅಳದ್ರ ನಿಮಗ ಕಮ್ಮಿ ಬರ್ತೈತಲ್ರಿ?" ಎಂದೆ ಒಮ್ಮೆ.

"ಇರ್ಲಿ ಬಿಡವ್ವ, ಆಕಿ ಜಡಿ ಉದ್ದ ಐತಿ." ಗೌರಮ್ಮನ ಜಡೆ ಇಲಿಬಾಲದಷ್ಟಿತ್ತು!

"ಇವ್ರ ಸಂಸಾರ ಎಷ್ಟು ದಿನ ಅಂತೀರಿ?" ಎಂದು ನನ್ನ ಗಂಡನನ್ನು ಕೇಳಿದ್ದೆ. "ವರ್ಷ ತಾಳಿದ್ರ ಹೆಚ್ಚು. ನಮ್ಮದು ಬಿಡು, ಸಾಯೋತನಕ," ಎಂದು ಆತ ನಕ್ಕ. ಒಬ್ಬನಿಗೆ ಒಬ್ಬಳೆಂಬುದೇ ಬಾಳಿಕೆಯ ಗ್ಯಾರಂಟಿ ಎಂದು ನಾನೂ ನಂಬಿದ್ದೆ. ಗೋಡೆ ಗಡಿಯಾರದ ಜೊತೆಗೂ ಗ್ಯಾರಂಟಿ ಕಾರ್ಡು ಕೊಡುತ್ತಿದ್ದ ಕಾಲ. ನಮ್ಮ ಸಂಸಾರ ನಾಲ್ಕನೇ ಯುಗಾದಿ ಕಾಣಲಿಲ್ಲ. ನಡುವೆ ಯಾರೂ ಬಂದಿರಲಿಲ್ಲ, ಮಾತೇ ತೀರಿಹೋಗಿತ್ತು. ಆತ ಹರಪನಹಳ್ಳಿಗೆ ವರ್ಗ ಮಾಡಿಸಿಕೊಂಡು ಹೋದ. ನಾನು ಉಳಿದೆ.

ಪಕ್ಕದ ಮನೆ ಮಾತ್ರ ನಡೆಯುತ್ತಲೇ ಇತ್ತು, ಕೊಟ್ರಪ್ಪ ತೀರಿಕೊಳ್ಳುವವರೆಗೆ. ಆಮೇಲೆ ಬಾಗಳಿಯಿಂದ ಗೌರಮ್ಮನ ಅಣ್ಣಂದಿರು ಬಂದರು. "ಗಂಡ ಇಲ್ದ ಮ್ಯಾಲೆ ಸವತಿ ಮನ್ಯಾಗ ನಿಂದೇನೈತಿ? ನಡಿ," ಎಂದರು. ಬಸಮ್ಮ ಬಾಗಿಲಿಗೆ ಅಡ್ಡ ನಿಂತಳು. ಗೌರಮ್ಮ ಆಕೆಯ ಸೆರಗು ಹಿಡಿದಿದ್ದಳು.

"ನೀವ್ ಯಾರ್ರಿ ಆಕಿಗೆ?" ಎಂದ ಹಿರಿಯಣ್ಣ.

ಸವತಿ ಎಂಬುದನ್ನು ಬಿಟ್ಟು ಅದಕ್ಕೆ ಹೇಳುವ ಇನ್ನೊಂದು ಶಬ್ದ ಬಸಮ್ಮನ ಬಳಿ ಇರಲಿಲ್ಲ. ನೋಡುತ್ತ ನಿಂತ ಇಡೀ ಓಣಿಯ ಬಳಿಯೂ ಇರಲಿಲ್ಲ. ಅಣ್ಣ ಸೆರಗು ಬಿಡಿಸಿ ಗೌರಮ್ಮನನ್ನು ಕರೆದೊಯ್ದ.

"ಗಂಡ ಹೋದಾಗ ಗಂಡ ಅಂತ ಅತ್ತೆ. ಈಗ ಏನಂತ ಅಳ್ಲಿ?" ಎಂದು ಸಂಜೆ ಬಸಮ್ಮ ನನ್ನನ್ನೇ ಕೇಳಿದಳು. ಆ ವರ್ಷ ದಾಟಲಿಲ್ಲ ಆಕೆ.

"ಎಷ್ಟು ಮೊಳ ಕೊಡ್ಲಿ, ಅಕ್ಕಾರ?" ಹೂವಿನವಳು ಕಾಯುತ್ತಿದ್ದಳು. ಯಾವ ಸಂಸಾರ ಎಷ್ಟು ದಿನ ಎಂದು ನಾನೀಗ ಯಾರನ್ನೂ ಕೇಳುವುದಿಲ್ಲ. ನನ್ನ ಮುಂಗೈ ನೋಡಿಕೊಂಡೆ. ಬಸಮ್ಮನದಷ್ಟೇ ಉದ್ದವಿದೆ. ಅಳೆದು ಕೊಡಲು ಯಾರೂ ಇಲ್ಲ.

"ಬ್ಯಾಡವ್ವ," ಎಂದೆ.