ಖಸ್ ತಟ್ಟಿಯ ಕೋಣೆಯಲ್ಲಿಟ್ಟ ಮೊಟ್ಟೆಗಳು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ಚಿದ್ರಿಯ ನಮ್ಮ ಮನೆಗೆ ಒಂದು ಮರದ ಪೆಟ್ಟಿಗೆ ಬಂತು. ಬದಿಗೆ ಸೀಮೆಎಣ್ಣೆ ದೀಪ, ಒಳಗೆ ಮೊಟ್ಟೆ ಇಡುವ ಜಾಲರಿ, ಅದರ ಕೆಳಗೆ ನೀರಿನ ತಗಡಿನ ತಟ್ಟೆ. ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಯಂತ್ರ ಅದು. ಅಪ್ಪ ಔರಾದಿನ ದನದ ದವಾಖಾನೆಯಲ್ಲಿ ಕಂಪೌಂಡರ್. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಪೆಟ್ಟಿಗೆ ಆ ದವಾಖಾನೆಯದು. ಹೈದರಾಬಾದ್ ರಾಜ್ಯ ಒಡೆದಾಗ ಸಾಮಾನುಗಳೂ ಹಂಚಿಹೋಗುತ್ತಿದ್ದವು. ಇದನ್ನು ಹೈದರಾಬಾದಿಗೆ ಮರಳಿಸಬೇಕಿತ್ತು. ಒಮ್ಮೆ ಮರಿ ಮಾಡಿ ತೋರಿಸಿದರೆ ಇಲ್ಲೇ ಉಳಿಸಿಕೊಳ್ಳಲು ಬರೆಯುತ್ತೇನೆ ಎಂದು ಮೈಸೂರು ಕಡೆಯಿಂದ ಬಂದ ಹೊಸ ಡಾಕ್ಟರು ಅಪ್ಪನಿಗೆ ಹೇಳಿದ್ದರು.

ಪೆಟ್ಟಿಗೆ ಉಳಿಯಬೇಕಾಗಿದ್ದುದು ಅತ್ತೆಗಾಗಿ. ಅಪ್ಪನ ಈ ತಂಗಿ ಗಂಡ ಸತ್ತ ಮೇಲೆ ಭಾಲ್ಕಿ ಹತ್ತಿರದ ಭಾತಂಬ್ರಾದಲ್ಲಿ ಮೈದುನನ ಮನೆಯ ಮುಸುರೆ ತಿಕ್ಕಿ, ಹೊಲಕ್ಕೂ ದುಡಿದು, ಕೊನೆಗೆ ನಮ್ಮಲ್ಲಿಗೆ ಬಂದಿದ್ದಳು. ಬಿತ್ತನೆಗೆ ಮೊದಲು ಕರೆದೊಯ್ಯಲು ಬರುತ್ತೇನೆಂದು ಮೈದುನ ಹೇಳಿಕಳಿಸಿದ್ದ. ಮರಿ ಮಾಡಿ ಭಾಲ್ಕಿಯ ಸಂತೆಗೆ ಕಳಿಸುವ ಕೆಲಸವೊಂದಿದ್ದರೆ ಆಕೆ ಹೋಗಬೇಕಾಗಿರಲಿಲ್ಲ.

ಔರಾದಿನ ಸುತ್ತಲಿನ ಹಳ್ಳಿಗಳಿಂದ ಅಪ್ಪ ಹೊಟ್ಟಿನ ಬುಟ್ಟಿಯಲ್ಲಿ ಮೊಟ್ಟೆ ತಂದರು. ಅತ್ತೆ ಪೆಟ್ಟಿಗೆಯನ್ನು ಕಲ್ಲಿನ ಗೋಡೆಯ ನಡುಕೋಣೆಯಲ್ಲಿ ಇರಿಸಿದಳು. ಬೀದರಿನ ಬಿಸಿಗಾಳಿಗೆ ಮೊಟ್ಟೆಗಳು ಎಲ್ಲಿ ಒಣಗಿಹೋಗುತ್ತವೋ ಎಂಬುದೊಂದೇ ಆಕೆಯ ಭಯ. ನಿಜಾಮರ ಕಾಲದ ಕಚೇರಿಗಳಲ್ಲಿ ಸಾಹೇಬರ ಕಿಟಕಿಗೆ ಲಾವಂಚದ ಬೇರಿನ ಖಸ್ ತಟ್ಟಿ ಕಟ್ಟಿ, ಗಾಳಿ ತಂಪಾಗಲೆಂದು ನೀರು ಹೊಡೆಯುತ್ತಿದ್ದರು. ಅಂಥದೊಂದು ಹಳೆಯ ತಟ್ಟಿಯನ್ನು ನೌಬಾದದಿಂದ ತರಿಸಿ ಬಾಗಿಲಿಗೆ ಕಟ್ಟಿ, ದಿನವಿಡೀ ತೋಯಿಸಿದಳು. ಪೆಟ್ಟಿಗೆಯ ತಟ್ಟೆಯೂ ತುಂಬಿರುತ್ತಿತ್ತು.

“ನನ್ನ ಕುರ್ಚಿಗಿ ಎಂದೂ ಬರಲಾರದ ಖಸ್ ತಟ್ಟಿ ಕೋಳಿ ತತ್ತಿಗಿ ಬಂತಲ್ಲವಾ” ಎಂದರು ಅಪ್ಪ.

“ನೀ ಮರಿ ಮಾಡಿ ಕೊಡ್ತಿ ಅಂದ್ರ ನಿನಗೂ ಕಟ್ತೇನಿ, ಅಣ್ಣಾ.”

ಅಮ್ಮ ನಕ್ಕಳು. ಆ ಬೇಸಿಗೆಯಲ್ಲಿ ಆ ಮನೆಯಲ್ಲಿ ಕೇಳಿದ ನಗು ನನಗೆ ಅದೊಂದೇ ನೆನಪು.

ಎರಡನೆಯ ವಾರ ಅಪ್ಪ ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದರು. ಜೀವ ಹಿಡಿದಿತ್ತು. ದಪ್ಪ ತುದಿಯಲ್ಲಿ ಗಾಳಿಯ ಜಾಗ ಮಾತ್ರ ತೀರಾ ಸಣ್ಣದಿತ್ತು.

“ಒಳಗಿನ ನೀರು ಹಂಗೇ ಅದ. ಚಲೋನೇ ಆಯ್ತು” ಎಂದರು.

“ನೀರು ಹೆಚ್ಚಾಗಿ ನಮ್ಮೂರಾಗ ಏನು ಕೆಟ್ಟದಣ್ಣಾ?” ಎಂದು ಅತ್ತೆ ಮತ್ತೆ ಕೊಡ ಎತ್ತಿಕೊಂಡಳು. ಬಾವಿಯ ತಳ ಕಾಣುತ್ತಿದ್ದ ದಿನಗಳು. ನಾವು ಕುಡಿಯುವ ನೀರನ್ನು ಅಳೆದು ಬಳಸುತ್ತಿದ್ದೆವು, ತಟ್ಟಿಗೆ ಅಳತೆಯಿರಲಿಲ್ಲ.

ಮೂರನೆಯ ವಾರದ ಕೊನೆಗೆ ಪೆಟ್ಟಿಗೆಯೊಳಗೆ ಚಿಂವ್‌ಗುಟ್ಟುವ ಸದ್ದು ಕೇಳಿತು. ಅತ್ತೆ ಅಲ್ಲೇ ಕುಳಿತಳು, ಊಟಕ್ಕೂ ಏಳಲಿಲ್ಲ. ಕೆಲವು ಚಿಪ್ಪುಗಳಲ್ಲಿ ಸಣ್ಣ ತೂತು ಬಿದ್ದವು. ಆಮೇಲೆ ಸದ್ದು ಒಂದೊಂದಾಗಿ ನಿಂತಿತು. ಹೊರಗೆ ಬಂದವು ಎರಡೇ ಮರಿ, ಹೊಟ್ಟೆ ಉಬ್ಬಿ, ಮೈ ಅಂಟಂಟಾಗಿ. ಸಂಜೆಗೆ ಅವೂ ಸತ್ತವು.

ಡಾಕ್ಟರು ಅಪ್ಪನೊಡನೆ ಬಂದು ಉಳಿದ ಮೊಟ್ಟೆಗಳನ್ನು ಒಡೆದು ನೋಡಿದರು. ಒಳಗೆ ಗರಿ ಬಂದ, ಪೂರ್ತಿ ಬೆಳೆದ ಮರಿಗಳು. ಕೊಕ್ಕಿನ ಸುತ್ತ ನೀರು.

“ಮೊಟ್ಟೆ ಮೊದಲು ಸ್ವಲ್ಪ ಒಣಗಬೇಕಮ್ಮ. ಒಣಗಿದರೇ ಒಳಗೆ ಉಸಿರಾಡೋಕೆ ಜಾಗ ಆಗೋದು. ಹೆಚ್ಚು ತೇವ ಬೇಕಾಗೋದು ಕೊನೇ ಮೂರು ದಿನ.”

ಅತ್ತೆ ಒಡೆದ ಮೊಟ್ಟೆಯೊಂದನ್ನು ಕೈಗೆತ್ತಿಕೊಂಡಳು.

“ಅವು ಮುಳುಗಿ ಸತ್ತವೇನ್ರಿ?”

“ಹಾಗೇ ಅನ್ನಬೇಕು.”

“ಇನ್ನೊಂದು ಸಲ ಇಡ್ಲೇನ್ರಿ?”

ಡಾಕ್ಟರು ಅಪ್ಪನ ಕಡೆ ನೋಡಿದರು. ಪೆಟ್ಟಿಗೆ ಒಯ್ಯಲು ಗಾಡಿಗೆ ಆಗಲೇ ಹೇಳಿಯಾಗಿತ್ತು.

ಪೆಟ್ಟಿಗೆ ಹೋದ ವಾರದಲ್ಲೇ ಮೈದುನ ಬಂದ. ಬಾಗಿಲಲ್ಲಿ ನಿಂತು, “ಮರಿ ಎಷ್ಟಾದವು, ವೈನಿ?” ಎಂದು ಅತ್ತಿಗೆಯನ್ನು ಕೇಳಿದ. ಅವನಿಗೆ ಸುದ್ದಿ ಮುಟ್ಟಿತ್ತು. ಅತ್ತೆ ಗಂಟು ಕಟ್ಟಿದಳು. ಹೊರಡುವಾಗ ಅಮ್ಮನಿಗೆ, “ತಟ್ಟಿ ಬಿಚ್ಚಿಡ್ರಿ, ವೈನಿ. ನೀರು ದಂಡ” ಎಂದಳು.

ನಾವು ಬಿಚ್ಚಲಿಲ್ಲ. ಭಾಲ್ಕಿಯ ದಾರಿ ಹಿಡಿದ ಅವರು ಕಣ್ಮರೆಯಾದ ಮೇಲೆ ನಾನು ನಡುಕೋಣೆಗೆ ಹೋದೆ. ಖಸ್ ತಟ್ಟಿ ಆಗಲೇ ಒಣಗಿ, ಬಿಸಿಗಾಳಿಗೆ ಬೇರು ಉದುರಿಸುತ್ತಿತ್ತು.